ಹತ್ತು ಲಕ್ಷದೊಳಗೆ ಓಡಿಸಲು ಮಜಾ ಇರುವ ಕಾರು: ಹೊಸ ಸ್ವಿಫ್ಟೋ, ಹಳೆಯ ಪೋಲೊವೋ?

ಪ್ರಶ್ನೆ: ಹಾಸನದಲ್ಲಿದ್ದೇನೆ. ಕೆಲಸಕ್ಕೆ ಹೋಗಿಬರಲು ದಿನಕ್ಕೆ 40 ಕಿ.ಮೀ. ಓಡಾಟ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರಿನ ಮನೆಗೆ ಹೋಗುತ್ತೇವೆ. ನಾವು ನಾಲ್ವರು, ಮಕ್ಕಳಿಬ್ಬರೂ ಚಿಕ್ಕವರು. ಹತ್ತು ವರ್ಷದ ಆಲ್ಟೊ 800 ಕೊಟ್ಟು ಬೇರೆ ಕಾರು ತೆಗೆದುಕೊಳ್ಳಬೇಕು. ಆನ್-ರೋಡ್ 10 ಲಕ್ಷ ದಾಟಬಾರದು. ಎಸ್‌ಯುವಿ ಬೇಡ. ಓಡಿಸುವಾಗ ಮಜಾ ಇರಬೇಕು, ಪೆಟ್ರೋಲ್ ಬಂಕಿನಲ್ಲಿ ಅಳುವಂತಾಗಬಾರದು. ಹೊಸ ಸ್ವಿಫ್ಟ್, ಐ20 ಎನ್ ಲೈನ್, ಸೆಕೆಂಡ್ ಹ್ಯಾಂಡ್ ಪೋಲೊ ಟಿಎಸ್‌ಐ ಈ ಮೂರರ ನಡುವೆ ತೀರ್ಮಾನವಾಗುತ್ತಿಲ್ಲ. ತಾನೇ ಗೇರ್ ಬದಲಿಸುವ ಎಎಂಟಿ ತೆಗೆದುಕೊಂಡರೆ ಘಾಟಿಯಲ್ಲಿ ತೊಂದರೆಯೇ?

ಉತ್ತರ: ಸ್ವಿಫ್ಟ್ ತೆಗೆದುಕೊಳ್ಳಿ. ಮ್ಯಾನುಯಲ್ ಗೇರ್, ಝಡ್‌ಎಕ್ಸ್‌ಐ ವೇರಿಯಂಟ್. ಎನ್ ಲೈನ್ ನಿಮ್ಮ 10 ಲಕ್ಷದೊಳಗೆ ಕೂರುವುದಿಲ್ಲ. ಪೋಲೊ ಆಸೆ ಬಿಡಲಾಗದಿದ್ದರೆ ಅದಕ್ಕೂ ದಾರಿ ಇದೆ, ಆದರೆ ನೋಡಿ ಕೊಳ್ಳುವ ತಾಳ್ಮೆ ಬೇಕು. ಎಎಂಟಿ ನಿಮಗೆ ಬೇಡ.

ಕಾರಣಕ್ಕೆ ಬರೋಣ. ಓಡಿಸುವ ಮಜಾ ಅಂದಕೂಡಲೇ ಜನ ಹಾರ್ಸ್‌ಪವರ್ ಲೆಕ್ಕ ಹಾಕುತ್ತಾರೆ, 0ಯಿಂದ 100ಕ್ಕೆ ಎಷ್ಟು ಸೆಕೆಂಡು ಎಂದು ಕೇಳುತ್ತಾರೆ. ಹಾಸನದ ರಸ್ತೆಯಲ್ಲಿ ದಿನಾ ಆ ಅಂಕಿಯನ್ನು ಎಲ್ಲಿ ಬಳಸುತ್ತೀರಿ? ನಿಮಗೆ ಮತ್ತೆ ಮತ್ತೆ ಎದುರಾಗುವುದು ಹಂಪ್ ದಾಟಿ 15ರಿಂದ 50ಕ್ಕೆ ಏರುವ ಕೆಲಸ, ಟ್ಯಾಂಕರ್ ಹಿಂದಿಕ್ಕಲು 40ರಿಂದ 70ಕ್ಕೆ ಏರುವ ಕೆಲಸ, ಘಾಟಿಯ ತಿರುವಿನಲ್ಲಿ ಗಾಡಿಯ ಮೂತಿ ಕೈ ಹೇಳಿದಂತೆ ಕೇಳುತ್ತದೆಯೇ ಎಂಬ ಪ್ರಶ್ನೆ. ಇವು ಮೂರಕ್ಕೂ ನೆರವಾಗುವುದು ಮೊದಲು ಕಡಿಮೆ ತೂಕ, ಆಮೇಲೆ ಗೇರ್‌ಬಾಕ್ಸು, ಟೈರು. ಎಂಜಿನ್ ಶಕ್ತಿಯ ಸರದಿ ನಾಲ್ಕನೆಯದು.

2024ರ ಮೇ ತಿಂಗಳಲ್ಲಿ ಬಂದ ಈಗಿನ ಸ್ವಿಫ್ಟ್‌ನ 1.2 ಲೀಟರ್, ಮೂರು ಸಿಲಿಂಡರಿನ ಎಂಜಿನ್ 82 ಪಿಎಸ್ (ಹಾರ್ಸ್‌ಪವರ್‌ನ ಮೆಟ್ರಿಕ್ ಅಳತೆ) ಶಕ್ತಿ, 112 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಖಾಲಿ ಗಾಡಿಯ ತೂಕ ಸುಮಾರು 920 ಕಿಲೋ. ಅಂದರೆ ಒಂದು ಟನ್ನಿಗೆ 89 ಪಿಎಸ್. ನಿಮ್ಮ ಆಲ್ಟೊ 800 ಕೊಡುವುದು 48 ಪಿಎಸ್. ತೂಕ ಕಡಿಮೆ ಇದ್ದರೂ ಟನ್ನಿಗೆ 65ರ ಸುತ್ತಮುತ್ತ ನಿಲ್ಲುತ್ತದೆ. ಸ್ವಿಫ್ಟ್‌ನಲ್ಲಿ ನಾಲ್ವರು ಕೂತು, ಊರಿಂದ ತೆಂಗಿನಕಾಯಿ ಚೀಲ ಹೇರಿಕೊಂಡು ಬಂದರೂ ಆಲ್ಟೊದಲ್ಲಿ ಒಬ್ಬರೇ ಹೋದಷ್ಟು ಹಗುರವಾಗಿ ಹತ್ತುತ್ತದೆ. ಇಷ್ಟು ಸಾಕು.

ಹಾಗೆಂದು ಅದರಲ್ಲಿ ಕೊರತೆ ಇಲ್ಲವೆಂದಲ್ಲ. ಹಿಂದಿನ ಸ್ವಿಫ್ಟ್‌ನ ನಾಲ್ಕು ಸಿಲಿಂಡರಿನ ನಯ ಇದರಲ್ಲಿಲ್ಲ. ಗಾಡಿ ನಿಂತಿರುವಾಗ ಸೀಟಿಗೂ ಗೇರ್ ಗುಂಡಿಗೂ ಸಣ್ಣ ನಡುಕ ತಿಳಿಯುತ್ತದೆ. 2,000 ಆರ್‌ಪಿಎಂ ಕೆಳಗೆ ಎಂಜಿನ್ ಸೋಮಾರಿ. ಪೂರ್ತಿ ಟಾರ್ಕ್ ಸಿಗುವುದು 4,300 ಆರ್‌ಪಿಎಂನಲ್ಲಿ, ಪೂರ್ತಿ ಶಕ್ತಿ 5,700ರಲ್ಲಿ. ಮೈಲೇಜ್ ಆಸೆಗೆ ಬೇಗ ಬೇಗ ಮೇಲಿನ ಗೇರ್ ಹಾಕುವ ಅಭ್ಯಾಸವಿದ್ದವರು ‘ಪಿಕಪ್ ಇಲ್ಲ’ ಎಂದು ದೂರುವುದು ಇದಕ್ಕೇ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ 3,500 ಮೇಲೆ ಇಟ್ಟು ಓಡಿಸಿ, ಎಂಜಿನ್ ಕೂಗಿದರೆ ಹೆದರಬೇಡಿ. ಟರ್ಬೋ ಇಲ್ಲದ ಎಂಜಿನ್ ಇರುವುದೇ ಹಾಗೆ ಓಡಿಸುವುದಕ್ಕೆ. ಸ್ಟೀರಿಂಗ್ ಹಗುರ, ಆದರೆ ನೇರ ಹೋಗುವಾಗ ಕೈಗೆ ಏನನ್ನೂ ಹೇಳುವುದಿಲ್ಲ. ನೆಲದಿಂದ ಎತ್ತರ 163 ಮಿ.ಮೀ. ತುಂಬಿದ ಗಾಡಿಯಲ್ಲಿ ಹಳ್ಳಿಯವರೇ ಹಾಕಿಕೊಂಡ ಚೂಪು ಹಂಪ್ ದಾಟುವಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಡಿಕ್ಕಿಯ ಜಾಗ 265 ಲೀಟರ್. ಎರಡು ಸೂಟ್‌ಕೇಸು, ಒಂದು ಚೀಲ ಹಿಡಿಯುತ್ತದೆ.

ಝಡ್‌ಎಕ್ಸ್‌ಐ ಯಾಕೆ? ಕೆಳಗಿನ ವೇರಿಯಂಟ್‌ಗಳಲ್ಲಿ 14 ಇಂಚಿನ ಚಕ್ರಕ್ಕೆ 165 ಮಿ.ಮೀ. ಅಗಲದ ಟೈರು ಇರುತ್ತದೆ. ಝಡ್‌ಎಕ್ಸ್‌ಐನಲ್ಲಿ 15 ಇಂಚಿನ ಅಲಾಯ್, 185 ಮಿ.ಮೀ. ಅಗಲದ ಟೈರು. ಇದರ ಜೊತೆಗೆ ಎಲ್‌ಇಡಿ ಹೆಡ್‌ಲೈಟು, ಹಿಂದಿನ ಗಾಜಿಗೆ ವೈಪರ್ ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿ, ಮಂಜು ಕವಿದ ಚಾರ್ಮಾಡಿಯಲ್ಲಿ ಇಳಿಯಬೇಕಾಗಿ ಬಂದ ದಿನ ಈ ಎರಡರ ಬೆಲೆ ತಿಳಿಯುತ್ತದೆ. ಆರು ಏರ್‌ಬ್ಯಾಗು, ಗಾಡಿ ಜಾರಿದರೆ ಹಿಡಿದು ನಿಲ್ಲಿಸುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಉರುಳದಂತೆ ತಡೆಯುವ ಹಿಲ್ ಹೋಲ್ಡ್ ಎಲ್ಲ ವೇರಿಯಂಟ್‌ಗೂ ಇವೆ. ಅದಕ್ಕೂ ಮೇಲಿನ ಝಡ್‌ಎಕ್ಸ್‌ಐ ಪ್ಲಸ್‌ನಲ್ಲಿ ದೊಡ್ಡ ಪರದೆಯಂಥ ಸೌಕರ್ಯಕ್ಕೆ ದುಡ್ಡು ಹೋಗುತ್ತದೆಯೇ ಹೊರತು ಓಡಿಸುವ ಸೊಗಸು ಹೆಚ್ಚುವುದಿಲ್ಲ.

ಈಗ ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ಆ ಬಳಿಕ ಸ್ವಿಫ್ಟ್ ಝಡ್‌ಎಕ್ಸ್‌ಐ ಮ್ಯಾನುಯಲ್‌ನ ಷೋರೂಂ ಬೆಲೆ ಏಳೂವರೆ ಲಕ್ಷದ ಆಸುಪಾಸು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 14%, ಆ ತೆರಿಗೆಯ ಮೇಲೆ 11% ಸೆಸ್. ಏಳೂವರೆ ಲಕ್ಷಕ್ಕೆ ತೆರಿಗೆ 1,05,000, ಸೆಸ್ 11,550, ಒಟ್ಟು 1,16,550 ರೂಪಾಯಿ. ವಿಮೆಗೆ 35ರಿಂದ 40 ಸಾವಿರ ಹಿಡಿದರೂ ಒಂಬತ್ತು ಲಕ್ಷ ಹತ್ತು ಸಾವಿರದ ಒಳಗೆ ಗಾಡಿ ಮನೆಗೆ ಬರುತ್ತದೆ. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1,000ದಿಂದ 1,500 ಸಿಸಿಗೆ ಅದರ ಸರ್ಕಾರಿ ದರ 10,640 ರೂಪಾಯಿ, ಎಲ್ಲ ಕಂಪನಿಯಲ್ಲೂ ಒಂದೇ. ವ್ಯತ್ಯಾಸವೆಲ್ಲ ಸ್ವಂತ ಗಾಡಿಯ ಹಾನಿಯ ಭಾಗದಲ್ಲಿ. ಆ ಒಂದು ಸಾಲನ್ನು ಹೊರಗಿನ ದರದೊಡನೆ ಹೋಲಿಸಿ ಚೌಕಾಸಿ ಮಾಡಿ. ಬಿಡಿಭಾಗದ ಸವಕಳಿ ಕಡಿಯದೆ ಪರಿಹಾರ ಕೊಡುವ ಜೀರೊ ಡೆಪ್ ಹಾಕಿಸಿ, ಮಲೆನಾಡಿನ ಮಳೆಗೆ ಎಂಜಿನ್ ಪ್ರೊಟೆಕ್ಷನ್ ಸೇರಿಸಿ. ಬೀಗದ ಕೀಲಿ ಕಳೆದರೆ ಪರಿಹಾರ ಎಂಬಂಥವನ್ನು ಕಿತ್ತುಹಾಕಿಸಿ.

ಎನ್ ಲೈನ್ ಬಗ್ಗೆ ಹೇಳುವುದಾದರೆ, ಓಡಿಸುವ ಸೊಗಸಿನಲ್ಲಿ ಅದು ಸ್ವಿಫ್ಟ್‌ಗಿಂತ ಮೇಲೆ, ಅನುಮಾನವಿಲ್ಲ. 1.0 ಲೀಟರ್ ಟರ್ಬೋ ಎಂಜಿನ್ 120 ಪಿಎಸ್, 172 ನ್ಯೂಟನ್ ಮೀಟರ್ ಕೊಡುತ್ತದೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಸಸ್ಪೆನ್ಷನ್ ಸಾಮಾನ್ಯ ಐ20ಗಿಂತ ಬಿಗಿ. ಕ್ಲಚ್ ಪೆಡಲ್ ಇಲ್ಲದ ಐಎಂಟಿ ಬದಲು 2023ರಲ್ಲಿ ನಿಜವಾದ ಆರು ಗೇರಿನ ಮ್ಯಾನುಯಲ್ ಬಂತು. ಆದರೆ ಷೋರೂಂ ಬೆಲೆ 9 ಲಕ್ಷದ ಮೇಲೆ ಶುರುವಾಗುತ್ತದೆ, ತೆರಿಗೆ ಮತ್ತು ವಿಮೆ ಸೇರಿದರೆ ಹತ್ತೂವರೆ ದಾಟಿಬಿಡುತ್ತದೆ. ಮೇಲಿನ ವೇರಿಯಂಟ್ 10 ಲಕ್ಷದ ಗೆರೆ ದಾಟಿದರೆ ತೆರಿಗೆ 14ರಿಂದ 17%ಕ್ಕೆ ಜಿಗಿಯುತ್ತದೆ, ಅದೂ ಇಡೀ ಬೆಲೆಯ ಮೇಲೆ. ಇನ್ನು ಪೆಟ್ರೋಲು. ದಿನದ ಓಡಾಟ, ಪುತ್ತೂರಿನ ಪ್ರಯಾಣ ಸೇರಿ ನಿಮ್ಮದು ತಿಂಗಳಿಗೆ ಸುಮಾರು 1,300 ಕಿ.ಮೀ. ಸ್ವಿಫ್ಟ್ ಲೀಟರಿಗೆ 18 ಕೊಟ್ಟರೆ 72 ಲೀಟರ್ ಬೇಕು; ಟರ್ಬೋವನ್ನು ಅದರ ಮಜಾ ಸಿಗುವಂತೆ ಓಡಿಸಿದರೆ 13 ಬಂದೀತು, ಆಗ 100 ಲೀಟರ್. ಲೀಟರಿಗೆ 103 ರೂಪಾಯಿಯಂತೆ ತಿಂಗಳಿಗೆ 2,900, ವರ್ಷಕ್ಕೆ ಹೆಚ್ಚುಕಡಿಮೆ 35 ಸಾವಿರ ವ್ಯತ್ಯಾಸ. ಇದನ್ನು ನೋಡಿ ಬೇಸರವಾಗದವರು ಎನ್ ಲೈನ್ ತೆಗೆದುಕೊಳ್ಳಬಹುದು. ನಿಮ್ಮ ಪತ್ರ ಓದಿದರೆ ನೀವು ಆ ಪೈಕಿ ಅಲ್ಲ.

ಪೋಲೊ ವಿಷಯಕ್ಕೆ ತುಸು ಹೆಚ್ಚು ಜಾಗ ಬೇಕು. 2010ರಿಂದ 2022ರವರೆಗೆ ಇಲ್ಲಿ ಮಾರಾಟವಾದ ಕಾರು ಅದು. ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎಂಜಿನ್‌ಗಳು ಬಂದುಹೋಗಿವೆ. ನೀವು ಹುಡುಕಬೇಕಾದದ್ದು 2020ರಿಂದ 2022ರ ನಡುವಿನ 1.0 ಟಿಎಸ್‌ಐ, ಆರು ಗೇರಿನ ಮ್ಯಾನುಯಲ್: 110 ಪಿಎಸ್, 175 ನ್ಯೂಟನ್ ಮೀಟರ್. ಬಾಗಿಲು ಮುಚ್ಚಿದರೆ ದಪ್ಪ ತಗಡಿನ ಸದ್ದು, 100ರಲ್ಲಿ ಹೋದರೂ ಅಲುಗದ ನಡೆ, 1,800 ಆರ್‌ಪಿಎಂಗೇ ಬೆನ್ನಿಗೆ ಕೈಕೊಟ್ಟು ತಳ್ಳಿದಂಥ ಎಳೆತ. ಇವಕ್ಕೆ ಮನಸೋತವರ ತಪ್ಪಿಲ್ಲ.

ಮೋಸ ಹೋಗುವ ಜಾಗ ಒಂದಿದೆ. ಅದೇ ಕಾಲದಲ್ಲಿ ಟರ್ಬೋ ಇಲ್ಲದ 1.0 ಎಂಪಿಐ ಪೋಲೊ ಕೂಡ ಮಾರಾಟವಾಗುತ್ತಿತ್ತು. ಅದರ ಶಕ್ತಿ 76 ಪಿಎಸ್, ಟಾರ್ಕ್ ಬರೀ 95. ಭಾರದ ಮೈಗೆ ಆ ಎಂಜಿನ್ ಸಾಲದು, ಘಾಟಿಯಲ್ಲಿ ನಿಮ್ಮ ಆಲ್ಟೊವೇ ವಾಸಿ ಅನ್ನಿಸುತ್ತದೆ. ಎರಡಕ್ಕೂ ಆರ್‌ಸಿಯಲ್ಲಿ 999 ಸಿಸಿ ಎಂದೇ ಇರುವುದರಿಂದ ಆ ಅಂಕಿ ನೋಡಿ ಗೊತ್ತಾಗುವುದಿಲ್ಲ. ಟಿಎಸ್‌ಐ ಎಂಬ ಅಕ್ಷರದ ಬಿಲ್ಲೆಯನ್ನು ಯಾರು ಬೇಕಾದರೂ ತಂದು ಅಂಟಿಸಬಹುದು. ಗೇರ್ ಗುಂಡಿಯ ಮೇಲೆ ನೋಡಿ: ಮ್ಯಾನುಯಲ್‌ನಲ್ಲಿ ಆರು ಗೇರ್ ಇದ್ದರೆ ಟಿಎಸ್‌ಐ, ಐದಿದ್ದರೆ ಎಂಪಿಐ.

ಇನ್ನೊಂದು, 2020ಕ್ಕಿಂತ ಹಳೆಯ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೋಗೆ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಜೋಡಿಸಿದ ಗಾಡಿ. ಚೆನ್ನಾಗಿರುವಾಗ ಅದರಷ್ಟು ಚುರುಕಾಗಿ ಗೇರ್ ಬದಲಿಸುವ ಸಣ್ಣ ಕಾರು ಇಲ್ಲ. ಆದರೆ ಅದರೊಳಗಿನ ಎರಡು ಕ್ಲಚ್ಚೂ ಆಯಿಲಿನಲ್ಲಿ ಮುಳುಗಿರದ ಒಣ ಕ್ಲಚ್ಚುಗಳು. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಬಿಸಿಯೇರಿ ಸವೆಯುತ್ತವೆ. ಗೇರ್ ಬದಲಿಸುವ ಮೆಕಟ್ರಾನಿಕ್ಸ್ ಘಟಕ ಕೈಕೊಟ್ಟರೆ ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಬೆಲೆ ಕಡಿಮೆ ಎಂದು ಇದಕ್ಕೆ ಕೈಹಾಕಬೇಡಿ. ಹಾಕಿದರೂ ಏರು ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಹತ್ತು ನಿಮಿಷ ತೆವಳಿಸಿ. ರಿವರ್ಸ್‌ನಲ್ಲೂ ಏರು ಹತ್ತಿಸಿ. ಗಡಗಡ ನಡುಗಿದರೆ, ಗೇರ್ ತೋರಿಸುವ ಅಕ್ಷರ ಮಿಣುಕಿದರೆ ಕೀಲಿ ವಾಪಸ್ ಕೊಟ್ಟು ಬನ್ನಿ.

ಮ್ಯಾನುಯಲ್ ಟಿಎಸ್‌ಐ ನೋಡಲು ಬೆಳಿಗ್ಗೆ ಹೋಗಿ. ‘ಎಂಜಿನ್ ಶುರು ಮಾಡಬೇಡಿ, ನಾವೇ ಬಂದು ಮಾಡುತ್ತೇವೆ’ ಎಂದು ಮೊದಲೇ ಹೇಳಿ. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ನೀಲಿ ಹೊಗೆ, ಮೊದಲ ಅರ್ಧ ನಿಮಿಷದ ಕಟಕಟ ಸದ್ದು, ಆರದೆ ಉಳಿಯುವ ಇಪಿಸಿ ದೀಪ (ಎಂಜಿನ್ ದೋಷದ ಎಚ್ಚರಿಕೆ) ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಮಾತು ಬೇಡ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ಯಾವ ದೋಷವೂ ದಾಖಲಾಗಿಲ್ಲ ಎಂದು ತೋರಿಸಿದರೆ ಖುಷಿಪಡುವ ಮುನ್ನ ಆ ದಾಖಲೆಯನ್ನು ಕೊನೆಯ ಸಲ ಅಳಿಸಿದ ಮೇಲೆ ಗಾಡಿ ಎಷ್ಟು ಕಿ.ಮೀ. ಓಡಿದೆ ನೋಡಿ, ನಿನ್ನೆ ಅಳಿಸಿದ್ದರೆ ಏನೋ ಮುಚ್ಚಿಟ್ಟಿದ್ದಾರೆ. ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ. ಮುಂದಿನ ಚಕ್ರದಿಂದ ಟಕ್ ಟಕ್ ಬಂದರೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟ್. ದೊಡ್ಡ ಕಾಯಿಲೆಯಲ್ಲ, ಬೆಲೆ ಇಳಿಸಲು ಒಂದು ಮಾತು ಸಿಕ್ಕಿತು ಅಷ್ಟೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಅದು ನೀರಿನಲ್ಲಿ ಮುಳುಗಿದ್ದ ಗಾಡಿ. ಸ್ಟೆಪ್ನಿ ಎತ್ತಿ ಅದರಡಿಯ ತಗಡನ್ನೂ ನೋಡಿ: ಅಲ್ಲಿ ಸುಕ್ಕು, ಹೊಸ ಬಣ್ಣ ಕಂಡರೆ ಹಿಂದಿನಿಂದ ಗುದ್ದಿಸಿಕೊಂಡಿದೆ.

ಬಿಡಿಭಾಗ ಸಿಗುವುದಿಲ್ಲ ಎಂಬ ಭಯ ಅರ್ಧ ಮಾತ್ರ ನಿಜ. ಅದೇ 1.0 ಟಿಎಸ್‌ಐ ಎಂಜಿನ್ ಕುಟುಂಬ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಾದ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್‌ಗಳಲ್ಲಿ ಇದ್ದುದರಿಂದ ಎಂಜಿನ್ ಸಾಮಾನಿಗೆ ಬರ ಬರಲಿಲ್ಲ. ಹೆಡ್‌ಲೈಟ್, ಬಂಪರ್‌ನಂಥ ಮೈಯ ಭಾಗಗಳು ತರಿಸಿಕೊಳ್ಳಲು ದಿನ ಹಿಡಿಯಬಹುದು. ಇನ್ನೊಂದು ಕೊರತೆ ಪೆಟ್ರೋಲಿನದು. 20% ಎಥೆನಾಲ್ ಬೆರೆತ ಇ20 ಇಂಧನಕ್ಕೆ ಹೊಂದುವ ಸಾಮಗ್ರಿ 2023ರ ಏಪ್ರಿಲ್‌ನಿಂದ ಕಡ್ಡಾಯವಾಯಿತು, ಈ ಪೋಲೊಗಳು ಅದಕ್ಕೂ ಮುಂಚಿನವು. ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಬೇಕು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲಿಸಬಾರದು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಹೊಸ ಕಾರಿಗೂ ತಪ್ಪಿದ್ದಲ್ಲ.

ಕಾಗದದ ವಿಷಯದಲ್ಲಿ: ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಪರಿವಾಹನ್ ಜಾಲತಾಣದಲ್ಲಿ ಬಾಕಿ ಚಲನ್ ಇವನ್ನು ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರದು. ನಿಮ್ಮ ಆಲ್ಟೊದ ಬೋನಸ್ ನಿಮ್ಮದು, ಮಾರುವಾಗ ವಿಮಾ ಕಂಪನಿಯಿಂದ ಆ ಪತ್ರ ಬರೆಸಿಕೊಂಡು ಹೊಸ ಕಾರಿಗೆ ಹಾಕಿಸಿಕೊಳ್ಳಿ. ಇದನ್ನು ಮರೆತು ಎಷ್ಟೋ ಜನ ಸಾವಿರಗಟ್ಟಲೆ ಬಿಟ್ಟುಕೊಡುತ್ತಾರೆ. ಬೇರೆ ರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕರೂ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕಾಗುತ್ತದೆ, ಅಗ್ಗದ ಲೆಕ್ಕ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಆದಮೇಲೂ ಪೋಲೊದ ಹಿಂದಿನ ಸೀಟು ಇಕ್ಕಟ್ಟು. ಮಕ್ಕಳು ಚಿಕ್ಕವರಿರುವವರೆಗೆ ನಡೆಯುತ್ತದೆ. ಐದು ವರ್ಷದ ಮೇಲೆ?

ಸೆಕೆಂಡ್ ಹ್ಯಾಂಡೇ ಬೇಕೆಂದರೆ ಇನ್ನೊಂದು ಹೆಸರು: 2021ರ ಫೆಬ್ರವರಿಯಿಂದ 2024ರವರೆಗಿನ ಸ್ವಿಫ್ಟ್. ನಾಲ್ಕು ಸಿಲಿಂಡರ್, 90 ಪಿಎಸ್, ಈಗಿನದಕ್ಕಿಂತ ಹಗುರ. ಓಡಿಸುವ ಮಜಾಕ್ಕೆ ಇಲ್ಲಿ ಬಂದ ಸ್ವಿಫ್ಟ್‌ಗಳಲ್ಲಿ ಇದೇ ಮೇಲು. ಆದರೆ ಏರ್‌ಬ್ಯಾಗ್ ಎರಡೇ, 2022ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದೇ ನಕ್ಷತ್ರ, ಇಎಸ್‌ಪಿ ಎಲ್ಲ ಗಾಡಿಯಲ್ಲೂ ಇಲ್ಲ. ಒಂಟಿಯಾಗಿ ಓಡಾಡುವವರಿಗೆ ಹೇಳಬಹುದಾದ ಸಲಹೆಯನ್ನು ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವವರಿಗೆ ಹೇಳಲಾಗದು. ಅದೇ ಎಂಜಿನ್ ಹೊಸ ಕಾರಿನಲ್ಲಿ ಬೇಕಾದರೆ ಬಲೆನೊ ಅಥವಾ ಅದರ ಅವಳಿ ಗ್ಲಾಂಜಾ ನೋಡಿ: ಅದೇ 90 ಪಿಎಸ್, 318 ಲೀಟರ್ ಡಿಕ್ಕಿ, ಹಿಂದೆ ಕಾಲು ಚಾಚುವಷ್ಟು ಜಾಗ. ಸಸ್ಪೆನ್ಷನ್ ಮೆತ್ತಗೆ, ತಿರುವಿನಲ್ಲಿ ಮೈ ವಾಲುತ್ತದೆ. ಮನೆಯವರು ‘ಜಾಗ ಬೇಕು’ ಎಂದು ಪಟ್ಟು ಹಿಡಿದರೆ ರಾಜಿಗೆ ಇದು ಒಳ್ಳೆಯ ಗಾಡಿ. ಟಾಟಾ ಆಲ್ಟ್ರೋಜ್ 2020ರಲ್ಲೇ ಐದು ನಕ್ಷತ್ರ ಪಡೆದ ಗಟ್ಟಿ ಕಾರು, ಕೆಟ್ಟ ರಸ್ತೆಯಲ್ಲಿ ಇವೆಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ. ಟರ್ಬೋ ಇಲ್ಲದ 1.2 ಎಂಜಿನ್ ಮಾತ್ರ ಆ ತೂಕಕ್ಕೆ ಮಂದ. ಗ್ರಾಂಡ್ ಐ10 ನಿಯೋಸ್ ನಯ, ಸುಲಭ, ಮಜಾ ಕಡಿಮೆ. ಸ್ವಿಫ್ಟ್‌ನ ಸಿಎನ್‌ಜಿ ಬೇಡ: ಶಕ್ತಿ 70 ಪಿಎಸ್‌ಗೆ ಇಳಿಯುತ್ತದೆ, ಸಿಲಿಂಡರ್ ಡಿಕ್ಕಿ ನುಂಗುತ್ತದೆ.

ಕೇಳದೆ ಹೇಳುತ್ತಿರುವ ಒಂದು ಮಾತು: ಊರೊಳಗಿನ 40 ಕಿ.ಮೀ.ಗೆ 24 ಯೂನಿಟ್ ಬ್ಯಾಟರಿಯ ಟಿಯಾಗೊ ಇವಿ ಪೆಟ್ರೋಲ್ ಕಾರಿಗಿಂತ ಹೆಚ್ಚು ಮಜಾ ಕೊಡುತ್ತದೆ, ಕಾಲಿಟ್ಟ ಕ್ಷಣವೇ ಎಳೆಯುತ್ತದೆ. ಘಾಟಿಗೆ ಹೆದರುವವರು ಲೆಕ್ಕ ಹಾಕಿ ನೋಡಬಹುದು. ನಾಲ್ವರು ಕೂತ 1,400 ಕಿಲೋ ಗಾಡಿಯನ್ನು 800 ಮೀಟರ್ ಎತ್ತಲು ಬೇಕಾಗುವುದು ಸುಮಾರು 3 ಯೂನಿಟ್ ಮಾತ್ರ. ಆದರೆ ಹಾಸನದಿಂದ ಪುತ್ತೂರಿಗೆ ಹತ್ತಿರ ಹತ್ತಿರ 130 ಕಿ.ಮೀ.; ಅಲ್ಲಿ ಮನೆಯಲ್ಲಿ 15 ಆಂಪ್ ಪ್ಲಗ್ಗೂ, ರಾತ್ರಿಯಿಡೀ ಕೈಕೊಡದ ಕರೆಂಟೂ ಇದ್ದರೆ ಮಾತ್ರ ಯೋಚಿಸಿ.

ಎಎಂಟಿ ಪ್ರಶ್ನೆಗೆ ಬಂದರೆ, ಅದರಲ್ಲಿರುವುದು ಮ್ಯಾನುಯಲ್‌ನದೇ ಗೇರ್‌ಬಾಕ್ಸು, ಅದೇ ಕ್ಲಚ್ಚು. ಕೈಕಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಪ್ರತಿ ಸಲ ಗೇರ್ ಬದಲಾಗುವಾಗ ಅರೆಕ್ಷಣ ಎಳೆತ ಕಡಿದು ತಲೆ ಮುಂದಕ್ಕೆ ತೂಗುತ್ತದೆ. ಟ್ಯಾಂಕರ್ ಹಿಂದಿಕ್ಕುವಾಗ ಈ ಅರೆಕ್ಷಣ ಬಹಳ ಉದ್ದ ಅನ್ನಿಸುತ್ತದೆ. ಘಾಟಿ ಇಳಿಯುವಾಗ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ತಾನಾಗಿ ಮೇಲಿನ ಗೇರಿಗೆ ಹೋಗಿ ಎಂಜಿನ್‌ನ ಹಿಡಿತ ಬಿಟ್ಟುಕೊಡುವುದುಂಟು. ಎಎಂಟಿ ಇರುವವರು ಸಕಲೇಶಪುರ ದಾಟಿದ ಮೇಲೆ ಗೇರನ್ನು ನಾವೇ ಆರಿಸುವ ಎಂ ಮೋಡ್‌ಗೆ ಹಾಕಿ ಎರಡನೇ ಗೇರ್ ಹಿಡಿದು ಇಳಿಯಬೇಕು. ಏರಿನಲ್ಲಿ ಗಾಡಿ ನಿಂತಾಗ ಬ್ರೇಕ್ ಹಿಡಿಯಬೇಕೇ ಹೊರತು ಆಕ್ಸಲರೇಟರ್ ಒತ್ತಿ ತಡೆದು ನಿಲ್ಲಿಸಬಾರದು, ಹಾಗೆ ಮಾಡಿದರೆ ಕ್ಲಚ್ ಸುಟ್ಟ ವಾಸನೆ ಐದೇ ನಿಮಿಷಕ್ಕೆ ಬರುತ್ತದೆ. ಮೊಣಕಾಲು ನೋವಿದ್ದರೆ, ಬೆಂಗಳೂರಿನ ಟ್ರಾಫಿಕ್ಕಿದ್ದರೆ 45-50 ಸಾವಿರ ಹೆಚ್ಚು ಕೊಡುವುದಕ್ಕೆ ಅರ್ಥವಿದೆ. ಹಾಸನಕ್ಕೆ ಇಲ್ಲ.

ಟೆಸ್ಟ್ ಡ್ರೈವ್ ಎಂದು ಷೋರೂಂ ಸುತ್ತ ಎರಡು ಕಿ.ಮೀ. ಓಡಿಸಿ ಒಪ್ಪಬೇಡಿ. ಅರ್ಧ ಗಂಟೆ ಕೇಳಿ, ಮನೆಯವರೆಲ್ಲ ಕೂತು ಹೋಗಿ, ಎಸಿ ಹಾಕಿ. ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿ. 20 ಕಿ.ಮೀ. ವೇಗದಲ್ಲಿ ಎರಡನೇ ಗೇರ್ ಹಾಕಿ ಪೂರ್ತಿ ಒತ್ತಿ ನೋಡಿ. 40ರಲ್ಲಿ ಗುಂಡಿಯ ರಸ್ತೆ ಹಾಯಿಸಿ, ಹಿಂದೆ ಕೂತವರನ್ನು ಕೇಳಿ. ಹಿಂದೆ ಯಾರೂ ಬರದ ಜಾಗದಲ್ಲಿ 60ರಿಂದ ಜೋರಾಗಿ ಬ್ರೇಕ್ ಹಾಕಿ ಗಾಡಿ ನೇರ ನಿಲ್ಲುತ್ತದೆಯೇ ನೋಡಿ. ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ ಬಲ ತಿರುವಿನಲ್ಲಿ ಮುಂದಿನ ಗಾಜಿನ ಪಕ್ಕದ ಮುಂಗಂಬ ಕಣ್ಣಿಗೆ ಎಷ್ಟು ಅಡ್ಡ ಬರುತ್ತದೆ ಗಮನಿಸಿ. ಹೇರ್‌ಪಿನ್ ತಿರುವಿನಲ್ಲಿ ಎದುರು ಬರುವ ಬೈಕು ಮರೆಯಾಗುವುದು ಆ ಕಂಬದ ಹಿಂದೆಯೇ. ಕ್ಲಚ್ ಒತ್ತಿದಾಗ ಮೊಣಕಾಲು ಪೂರ್ತಿ ನೆಟ್ಟಗಾಗಬಾರದು. ಈ ಕೊನೆಯದು ಸಣ್ಣ ವಿಷಯವೆಂದು ಬಿಟ್ಟವರಿಗೆ ಆರು ತಿಂಗಳಲ್ಲಿ ಸೊಂಟ ನೆನಪಿಸುತ್ತದೆ.

ಉಳಿದ ದುಡ್ಡನ್ನು ಟೈರಿಗೆ ಇಟ್ಟುಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ. ಕಂಪನಿ ಕೊಡುವ ಟೈರು ಮೈಲೇಜ್ ನೋಡಿ ಆರಿಸಿದ್ದು, ಹಿಡಿತ ನೋಡಿ ಅಲ್ಲ. ಅದು ಸವೆಯುವವರೆಗೆ ಓಡಿಸಿ, ಆಮೇಲೆ ಅದೇ 185/65 ಆರ್15 ಅಳತೆಯಲ್ಲಿ ಒದ್ದೆ ರಸ್ತೆಯಲ್ಲಿ ಹಿಡಿಯುವ ಮೆತ್ತನೆಯ ರಬ್ಬರಿನ ಟೈರು ಹಾಕಿಸಿ. ಸ್ವಲ್ಪ ಅಗಲ ಬೇಕೆಂದರೆ 195/60 ಆರ್15 ಹೊಂದುತ್ತದೆ: ಎತ್ತರ 621.5ರಿಂದ 615 ಮಿ.ಮೀ.ಗೆ ಇಳಿಯುತ್ತದೆ, ಶೇ. 1ರಷ್ಟು ವ್ಯತ್ಯಾಸ, ನೆಲದಿಂದ ಎತ್ತರ ಮೂರು ಮಿ.ಮೀ. ಕಡಿಮೆ. 205ರ ಆಸೆ ಬೇಡ. ಸ್ಟೀರಿಂಗ್ ಭಾರ, ಪೆಟ್ರೋಲ್ ಹೆಚ್ಚು, ಈ ಎಂಜಿನ್‌ಗೆ ಅದನ್ನು ಎಳೆಯುವ ಹುಮ್ಮಸ್ಸಿಲ್ಲ. ಟೈರಿನ ಮೇಲೆ 88 ಎಂಬ ಭಾರದ ಅಂಕಿ ಇರಲಿ, ಒಂದು ಟೈರು 560 ಕಿಲೋ ಹೊರುತ್ತದೆ ಎಂದರ್ಥ. ಟೈರಿನ ಮಗ್ಗುಲಲ್ಲಿ ಬೇರೆಯಾಗಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಒಂದು ವರ್ಷಕ್ಕಿಂತ ಹಳೆಯ ಸರಕು ತೆಗೆದುಕೊಳ್ಳಬೇಡಿ. ಕಾನೂನು 1.6 ಮಿ.ಮೀ. ಎಳೆ ಉಳಿದರೂ ಸಾಕು ಎನ್ನುತ್ತದೆ, ಮಲೆನಾಡಿನ ಮಳೆಗೆ 3 ಮಿ.ಮೀ. ಆದಾಗಲೇ ಬದಲಿಸಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಒಳಗಿನ ಚೀಟಿಯಲ್ಲಿ ಬರೆದಷ್ಟು ಹಾಕಿಸಿ. ಅದರಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ ಊರಿಗೆ ಹೋಗುವ ದಿನ ಅದು.

ಬ್ರೇಕಿನ ಮಾತು ಹೇಳದಿದ್ದರೆ ಶಿರಾಡಿಯ ಉತ್ತರ ಪೂರ್ತಿಯಾಗದು. ನಾಲ್ವರು ಕೂತ ಸ್ವಿಫ್ಟ್ ಸುಮಾರು 1,170 ಕಿಲೋ. ಅದು 800 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಹೆಚ್ಚುಕಡಿಮೆ 30 ಲೀಟರ್ ತಣ್ಣೀರನ್ನು ಕುದಿಸುವಷ್ಟು, ಬಚ್ಚಲಿನ ಅರ್ಧ ಹಂಡೆ ಎನ್ನಿ. ಗಾಳಿಯ, ಟೈರಿನ ತಡೆ ಸ್ವಲ್ಪ ನುಂಗುತ್ತದೆ. ಉಳಿದದ್ದನ್ನು ಎಂಜಿನ್ ಹಿಡಿಯದಿದ್ದರೆ ನಾಲ್ಕು ಚಕ್ರದ ಬ್ರೇಕೇ ಹೊರಬೇಕು. ಆ ಬಿಸಿಗೆ ಪ್ಯಾಡಿನ ಹಿಡಿತ ತಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು, ಆಗ ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿಯವರೆಗೆ ತಡೆಯಬೇಕು. ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 155 ಡಿಗ್ರಿ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ನೋಡಲು ಚೆನ್ನಾಗಿದ್ದರೂ, ಪೂರ್ತಿ ಬದಲಿಸಿ. ಇಳಿಯುವಾಗ ಹತ್ತಿದ ಗೇರೇ ಇರಲಿ. ಬ್ರೇಕನ್ನು ಸದಾ ಸವರುತ್ತ ಇರುವ ಬದಲು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಟ್ಟು, ತಿರುವಿನೊಳಗೆ ಆಕ್ಸಲರೇಟರ್‌ಗೆ ಮೆಲ್ಲಗೆ ಕಾಲು ತಾಗಿಸಿ. ಹಗುರದ ಸ್ವಿಫ್ಟ್‌ನ ನಿಜವಾದ ಮಜಾ ಸಿಗುವುದೂ ಇದೇ ಕ್ರಮದಲ್ಲಿ, 40 ಕಿ.ಮೀ. ವೇಗದಲ್ಲೇ. ತಿರುವಿನ ನಡುವೆ ಗಾಬರಿಯಾಗಿ ಕಾಲು ಎತ್ತಿದರೆ ಮಾತ್ರ ಹಿಂಬದಿ ಹಗುರಾಗಿ ಹೊರಕ್ಕೆ ಸರಿಯಲು ನೋಡುತ್ತದೆ.

ಗಾಡಿ ಬುಕ್ ಮಾಡಿದ ಮೇಲೆ ರಿಜಿಸ್ಟ್ರೇಷನ್‌ಗೆ ಕಳಿಸುವ ಮುನ್ನ ಒಮ್ಮೆ ಹಗಲು ಬೆಳಕಿನಲ್ಲಿ ನೋಡಲು ಬಿಡಬೇಕೆಂದು ಷೋರೂಮಿಗೆ ಬರೆದು ತಿಳಿಸಿ. ಮಾರಾಟದ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಹೋದ ವರ್ಷದ ಗಾಡಿಯಾದರೆ ರಿಯಾಯಿತಿ ಕೇಳುವ ಹಕ್ಕು ನಿಮ್ಮದು, ಮುಂದೆ ಮಾರುವಾಗ ಅಷ್ಟೇ ಕಡಿತ ನಿಮಗೂ ಬೀಳುತ್ತದೆ. ಐದೂ ಟೈರುಗಳ ವಾರದ ಅಂಕಿ ಹತ್ತಿರ ಹತ್ತಿರ ಇವೆಯೇ, ಬಾಗಿಲಿನ ಬೋಲ್ಟುಗಳ ಬಣ್ಣ ಕಿತ್ತಿಲ್ಲವೇ, ಚಾಸಿ ನಂಬರ್ ಕಾಗದದೊಡನೆ ಕೂಡುತ್ತದೆಯೇ ನೋಡಿ. ಮೊದಲ 1,000 ಕಿ.ಮೀ. ಎಂಜಿನ್ನನ್ನು 4,000 ಆರ್‌ಪಿಎಂ ಮೇಲೆ ಎಳೆಯಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆಯೂ ಓಡಿಸಬೇಡಿ. ಪುತ್ತೂರಿನ ಮೊದಲ ಪ್ರಯಾಣವನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ, ಹೊರಡುವ ಮುಂಚೆ ಸ್ಟೆಪ್ನಿಗೂ ಗಾಳಿ ನೋಡಿಸಿ.